ಸ್ವಯಂಸೇವೆಯಿಂದ ಊರಿನವರು ಮುಂದಾಳುಗಳಾಗುತ್ತಾರೆಯೇ?

ಸೇವಾ ಸಂಸ್ಥೆಗಳೊಂದಿಗೆ ನನಗೆ ಒಡನಾಟವಿದೆಯೆಂದು ತಿಳಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಹೊರಗಿನವರು ಬಂದು ಸೇವೆ ಮಾಡಿ ಹೋಗುತ್ತಾರೆ, ಸರಿ, ಅದರಿಂದ ಊರಿನವರಲ್ಲಿ ಯಾರಾದರೂ ಮುಂದಾಳುಗಳಾದದ್ದುಂಟೇ?" ಉಂಟು ಎಂಬುದೇ ನನ್ನ ಉತ್ತರ. ಆದರೆ ಅದು ಶಿಬಿರದ ಕೊನೆಯಲ್ಲಿ ಕೊಡುವ ಪ್ರಮಾಣಪತ್ರದಿಂದ ಆಗುವುದಿಲ್ಲ. ಸಂಸ್ಥೆಯು ತನ್ನ ಕೆಲಸವನ್ನು ಅದರ ಲೆಕ್ಕಪತ್ರ, ಅಧಿಕಾರಗಳ ಸಮೇತ ಊರಿನವರಿಗೆ ಒಪ್ಪಿಸಲು ಸಿದ್ಧವಿದ್ದಾಗ ಮಾತ್ರ ಆಗುತ್ತದೆ.

ನನಗೆ ಮೊದಲು ನೆನಪಾಗುವುದು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಆರ್. ಬಾಲಸುಬ್ರಹ್ಮಣ್ಯಂ ತಮ್ಮ ಗೆಳೆಯರೊಡನೆ ಕಟ್ಟಿದ ಈ ಸಂಸ್ಥೆ, ಕೆಲವೇ ವರ್ಷಗಳಲ್ಲಿ ಹೆಗ್ಗಡದೇವನಕೋಟೆಯ ಹಾಡಿಗಳಿಗೆ, ಅಂದರೆ ಆದಿವಾಸಿಗಳ ಊರುಗಳಿಗೆ, ಬಂತು. ಅಲ್ಲಿದ್ದವರು ಜೇನು ಕುರುಬರು, ಕಾಡು ಕುರುಬರು, ಯರವರು. ಅವರಲ್ಲಿ ಎಷ್ಟೋ ಮನೆಗಳವರು ಕಬಿನಿ ಅಣೆಕಟ್ಟೆ ಮತ್ತು ಅರಣ್ಯ ಸಂರಕ್ಷಣೆಯ ಹೆಸರಿನಲ್ಲಿ ಕಾಡಿನೊಳಗಿನ ನೆಲೆ ಕಳೆದುಕೊಂಡವರು. ಚಿಕಿತ್ಸೆಯಿಂದ ತೊಡಗಿದ ಕೆಲಸ ಶಾಲೆಗೆ ಹಬ್ಬಿತು. ದನದ ಕೊಟ್ಟಿಗೆಯೊಂದರಲ್ಲಿ ಶುರುವಾದ ಪಾಠ ಹೊಸಹಳ್ಳಿಯ ಶಾಲೆಯಾಗಿ ಬೆಳೆಯಿತು. ಹೊರಗಿನ ವೈದ್ಯರು ಬಂದದ್ದಕ್ಕಿಂತ, ಹಾಡಿಯ ಮಕ್ಕಳು ಅಕ್ಷರ ಕಲಿತು ತಮ್ಮವರ ಪರವಾಗಿ ತಾವೇ ಮಾತನಾಡುವಂತಾದುದನ್ನು ನಾನು ದೊಡ್ಡದೆಂದು ಎಣಿಸುತ್ತೇನೆ.

ಇದೇ ಸಂಸ್ಥೆ ಸರಗೂರಿನಲ್ಲಿ ನಡೆಸುವ 'ಜನಧ್ವನಿ' ಸಮುದಾಯ ಬಾನುಲಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಸಮುದಾಯ ಬಾನುಲಿಯ ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟಾದರೂ ಸ್ಥಳೀಯರ ಪಾಲ್ಗೊಳ್ಳುವಿಕೆಯಿಂದ ತಯಾರಾಗಬೇಕೆಂದು ಕೇಂದ್ರ ಸರ್ಕಾರದ ಮಾರ್ಗಸೂಚಿ ಹೇಳುತ್ತದೆ. ನಿಯಮವೇನೋ ಕಾಗದದ ಮೇಲಿರುತ್ತದೆ. ಧ್ವನಿಮುದ್ರಣ ಯಂತ್ರ ಹಿಡಿದು ಅಕ್ಕಪಕ್ಕದ ಮನೆಗೆ ಹೋಗುವ ಹೆಣ್ಣುಮಗಳೇ ಅದಕ್ಕೆ ಜೀವ ಕೊಡುವವಳು. ಮೊದಮೊದಲು ಆಕೆ ಸೋಬಾನೆ ಪದವನ್ನೋ ಅಜ್ಜಿಯ ನಾಟಿ ಮದ್ದನ್ನೋ ಮುದ್ರಿಸಿಕೊಳ್ಳುತ್ತಾಳೆ. ಅಭ್ಯಾಸವಾದ ಮೇಲೆ, ಕೊಳವೆಬಾವಿ ಕೆಟ್ಟು ಎಷ್ಟು ದಿನವಾಯಿತು, ರಿಪೇರಿಯ ಹಣ ಎಲ್ಲಿ ಹೋಯಿತು ಎಂದು ಪಂಚಾಯಿತಿ ಸದಸ್ಯರನ್ನೇ ಕೇಳುವ ಧೈರ್ಯ ಅದೇ ಕೈಗೆ ಬರುತ್ತದೆ. ಕೇಳಿದ್ದು ಪ್ರಸಾರವಾಗುತ್ತದೆಂಬ ಅರಿವು ಕೇಳುವವಳಿಗೂ ಉತ್ತರಿಸುವವರಿಗೂ ಇರುವುದರಿಂದ ಇಬ್ಬರೂ ಮಾತನ್ನು ತೂಗಿ ಆಡುತ್ತಾರೆ. ನಾಯಕತ್ವವೆಂದು ನಾನು ಕರೆಯುವುದು ಇದನ್ನೇ. ಭಾಷಣ ಕಲಿಸುವ ತರಗತಿಗಳು ಬೇಡವೆಂದಲ್ಲ, ಅವು ಇದರ ನಂತರ ಬರಲಿ.

ಊರಿನ ಸರ್ಕಾರಿ ಶಾಲೆಯಲ್ಲಿಯೂ ಇಂಥ ಅವಕಾಶವಿದೆ. 2001ರಿಂದ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಎಸ್‌ಡಿಎಂಸಿಗಳು, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಇವೆ. ಅವುಗಳ ಸದಸ್ಯರಲ್ಲಿ ಹೆಚ್ಚಿನವರು ಪೋಷಕರೇ. ಎಷ್ಟೋ ಕಡೆ ಸದಸ್ಯರ ಪಾಲಿಗೆ ಉಳಿಯುವುದು ನಡಾವಳಿ ಪುಸ್ತಕಕ್ಕೆ ಸಹಿ ಹಾಕುವ ಕೆಲಸವೊಂದೇ. ಸ್ವಯಂಸೇವಕರೊಬ್ಬರು ಸಭೆಗೆ ಮುನ್ನ ಅವರೊಂದಿಗೆ ಕುಳಿತು ಹಿಂದಿನ ನಡಾವಳಿಯನ್ನು ಗಟ್ಟಿಯಾಗಿ ಓದಿ ಹೇಳಿದರೂ ಸಾಕು, "ಶೌಚಾಲಯದ ಬಾಗಿಲು ಹಾಕಿಸುತ್ತೇವೆಂದು ಹೋದ ಸಲವೇ ಬರೆದಿದ್ದೀರಲ್ಲ, ಮೇಷ್ಟ್ರೇ?" ಎಂಬ ಪ್ರಶ್ನೆ ತಾನಾಗಿ ಎದ್ದು ಬರುತ್ತದೆ. ಆ ಪ್ರಶ್ನೆಯನ್ನು ಸ್ವಯಂಸೇವಕರೇ ಕೇಳಿಬಿಡಬಾರದು. ಪಟ್ಟಣದಿಂದ ಹೋದ ಉತ್ಸಾಹಿಗಳಿಗೆ ಇದು ಬಹಳ ಕಷ್ಟದ ಸಂಯಮ. ಸಂಸ್ಥೆ ಅವರಿಗೆ ಮೊದಲು ಕಲಿಸಬೇಕಾದದ್ದೂ ಇದನ್ನೇ.

ಇದರೊಂದಿಗೆ, ಅಷ್ಟಾಗಿ ಯಾರೂ ಕೇಳದ ಸಂಗತಿಯೊಂದನ್ನು ಹೇಳಲೇಬೇಕು. ಸ್ವಯಂಸೇವೆ ಎಂದ ಮಾತ್ರಕ್ಕೆ ಅದರ ಖರ್ಚನ್ನು ಬಡವರೇ ಹೊರಬೇಕೆಂದಿಲ್ಲ. ಸಂಬಳವಿರುವವರು ಭಾನುವಾರ ಬಂದು ಹೋಗಬಹುದು. ಕೂಲಿಗೆ ಹೋಗುವ ತಾಯಿ ಒಂದು ತರಬೇತಿಗೆ ಬಂದರೆ ಆ ದಿನದ ಕೂಲಿ ಹೋಯಿತೆಂದೇ ಅರ್ಥ. ಆಕೆಗೆ ಬಸ್ ಚಾರ್ಜು, ಮಧ್ಯಾಹ್ನದ ಊಟ, ಕಂಕುಳಲ್ಲಿರುವ ಮಗುವನ್ನು ನೋಡಿಕೊಳ್ಳಲು ಒಬ್ಬರು, ಸಾಧ್ಯವಾದರೆ ಆ ದಿನದ ಕೂಲಿಯಷ್ಟು ಭತ್ಯೆ, ಇವಿಷ್ಟನ್ನೂ ಸಂಸ್ಥೆ ತನ್ನ ಆಯವ್ಯಯದಲ್ಲಿ ಮೊದಲೇ ಸೇರಿಸಿಕೊಳ್ಳಬೇಕು. ಹಾಗೆ ಮಾಡದಿದ್ದರೆ ತರಬೇತಿಗೆ ಬರುವವರು ಊರಿನಲ್ಲಿ ಈಗಾಗಲೇ ಮುಂದಾಳುಗಳಾಗಿರುವ ಮನೆಗಳವರು ಮಾತ್ರ.