ತಿರುವಿನಲ್ಲಿ ನಿಂತಿದ್ದ ಹುಡುಗಿ

ಹೊಸ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವ ಓರಿಯೆಂಟೇಶನ್ ದಿನ ಬೆಳಗ್ಗೆ ಏಳಕ್ಕೇ ನಮ್ಮ ವಾಲಂಟಿಯರ್‌ಗಳೆಲ್ಲ ಬಂದು ಸೇರಿದ್ದರು. ಒಟ್ಟು 40 ಜನ. ಒಂದೇ ಬಣ್ಣದ ಟೀ ಶರ್ಟ್, ಕೊರಳಲ್ಲಿ ಟ್ಯಾಗ್. ಹೆಚ್ಚಿನವರು ಎರಡನೇ ವರ್ಷದವರು. ಹೋದ ವರ್ಷ ಇದೇ ದಿನ ಸೂಟ್‌ಕೇಸ್ ಎಳೆದುಕೊಂಡು, ದಾರಿ ಗೊತ್ತಾಗದೆ ಕಕ್ಕಾಬಿಕ್ಕಿಯಾಗಿ ನಿಂತಿದ್ದವರು ಇವರೇ. ಯಾರು ಎಲ್ಲಿ ನಿಲ್ಲಬೇಕು, ಯಾರಿಗೆ ಯಾವಾಗ ಬಿಡುವು ಅಂತ ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು.

ಶುರುವಿನಲ್ಲಿ ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು ನಾಲ್ಕು ಮಾತು ಹೇಳಿದೆ. ‘ನಿಮ್ಮಿಂದಲೇ ಈ ದಿನ ನಡೆಯೋದು, ನಗ್ತಾ ಇರಿ’ ಅಂದೆ. ಚಪ್ಪಾಳೆ ತಟ್ಟಿದರು. ಹುರಿದುಂಬಿಸುವ ಕೆಲಸ ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಹನ್ನೊಂದರ ಹೊತ್ತಿಗೆ ಜನ ಜಾಸ್ತಿಯಾದರು. ಹಾಸ್ಟೆಲ್ ಕೀ ಎಲ್ಲಿ ಕೊಡ್ತಾರೆ? ಐಡಿ ಕಾರ್ಡಿಗೆ ಫೋಟೋ ಇಲ್ಲೇ ತೆಗೀತಾರಾ? ಅಪ್ಪ ಅಮ್ಮ ಒಳಗೆ ಬರಬಹುದಾ? ಈ ಕೆಲಸದ ಕಷ್ಟ ಬಿಸಿಲಲ್ಲ, ಓಡಾಟವೂ ಅಲ್ಲ. ಕೇಳುವವರಿಗೆ ಅದು ಮೊದಲನೇ ಸಲ, ಹೇಳುವವರಿಗೆ ನೂರನೇ ಸಲ. ಆ ನೂರನೇ ಸಲವೂ ಮೊದಲನೇ ಸಲದ ಹಾಗೆ ಹೇಳಬೇಕು. ಮಧ್ಯಾಹ್ನದ ಹೊತ್ತಿಗೆ ಅರ್ಧ ಜನರ ಗಂಟಲು ಕಟ್ಟಿರುತ್ತದೆ.

ನಾನು ಸುತ್ತು ಹಾಕುತ್ತಲೇ ಇದ್ದೆ. ಮುಂದಿನ ಗೇಟಿನಲ್ಲಿ ಇಬ್ಬರು ಹುಡುಗರು ಜೋರಾಗಿ ಕೂಗಿ ಕೂಗಿ ಸ್ವಾಗತಿಸುತ್ತಿದ್ದರು. ಮೈಕಿನಲ್ಲೇ ಅವರನ್ನು ಹೊಗಳಿದೆ. ನೋಂದಣಿ ಟೇಬಲ್ಲಿನ ತಂಡಕ್ಕೂ ಶಭಾಷ್ ಅಂದೆ. ಎದುರಿಗೆ ಕಂಡವರಿಗೆಲ್ಲ ಒಳ್ಳೆಯ ಮಾತು ಸಿಕ್ಕಿತು.

ಒಂದೂವರೆಗೆ ಒಬ್ಬಳು ಹುಡುಗಿ ಬಂದಳು. ಹಾಸ್ಟೆಲ್ ಕಡೆ ಹೋಗುವ ಹಿಂದಿನ ದಾರಿಯ ತಿರುವಿನಲ್ಲಿ ಅವಳ ಡ್ಯೂಟಿ. ‘ಮೇಡಂ, ನಾನು ಹೊರಡಬಹುದಾ? ಅಲ್ಲಿ ಹೇಗೂ ಬೋರ್ಡ್ ಇದೆ. ನಾನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ’ ಅಂದಳು. ಕೋಪ ಇರಲಿಲ್ಲ. ಧ್ವನಿ ಸೋತಿತ್ತು, ಅಷ್ಟೇ.

‘ಛೆ, ಹಾಗೇನಿಲ್ಲ, ನೀನು ತುಂಬಾ ಚೆನ್ನಾಗಿ ಮಾಡ್ತಿದ್ದೀಯ’ ಅನ್ನೋದು ಬಾಯಿಗೆ ಬಂದೇ ಬಿಟ್ಟಿತ್ತು. ಆದರೆ ಬೆಳಗ್ಗೆಯಿಂದ ಅವಳು ಏನು ಮಾಡುತ್ತಿದ್ದಾಳೆ ಅಂತ ನಾನು ಒಂದು ಸಲವೂ ನೋಡಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಬಹಳ ಬೇಜಾರಾಯಿತು. ‘ಬಾ, ನಾನೂ ಸ್ವಲ್ಪ ಹೊತ್ತು ನಿಂತ್ಕೋತೀನಿ’ ಅಂತ ಅವಳ ಜೊತೆ ಹೋದೆ.

ಹೋದ ಕೂಡಲೇ ಕಂಡಿದ್ದು ನೆಲದ ಮೇಲಿನ ಬಾಣದ ಗುರುತುಗಳು. ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದಿದ್ದಳು. ಯಾಕೆ ಅಂತ ಕೇಳಿದೆ. ‘ಲಗೇಜ್ ಎಳೆಯುವವರು ಕೆಳಗೆ ನೋಡ್ಕೊಂಡು ಬರ್ತಾರೆ ಮೇಡಂ. ಬೋರ್ಡ್ ಮೇಲಿದೆ. ಯಾರ ಕಣ್ಣಿಗೂ ಬೀಳಲ್ಲ.’ ಆ ಬೋರ್ಡನ್ನು ಅಲ್ಲಿ ಹಾಕಿಸಿದ್ದು ನಾನೇ.

ಇನ್ನೊಂದು ಗಮನಿಸಿದೆ. ಬಂದವರನ್ನು ಅವಳು ‘ಸಹಾಯ ಬೇಕಾ’ ಅಂತ ಕೇಳುತ್ತಿರಲಿಲ್ಲ. ಹಾಗೆ ಕೇಳಿದರೆ ಹೊಸಬರು ಸಂಕೋಚಪಟ್ಟು ‘ಬೇಡ’ ಅಂದುಬಿಡುತ್ತಾರೆ, ಅಲ್ವಾ? ಅವಳು ಕೇಳುತ್ತಿದ್ದದ್ದು ‘ಯಾವ ಕಡೆ ಹೊರಟಿದ್ದೀರಿ?’ ಅಂತ. ಅದಕ್ಕೆ ಎಲ್ಲರೂ ಉತ್ತರ ಕೊಡುತ್ತಿದ್ದರು.

ಅಷ್ಟರಲ್ಲಿ ಒಬ್ಬ ಹುಡುಗ ತಂದೆಯ ಜೊತೆ ಬಂದ. ಪ್ರಶ್ನೆಗಳೆಲ್ಲ ತಂದೆಯದೇ. ಹುಡುಗ ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತೋದು, ಬಿಚ್ಚೋದು, ಮತ್ತೆ ಸುತ್ತೋದು. ಇವಳು ತಂದೆಗೆ ಉತ್ತರ ಹೇಳಿ, ಹುಡುಗನ ಕಡೆ ತಿರುಗಿ ಯಾವ ವಿಷಯ ತಗೊಂಡಿದ್ದೀಯ ಅಂತ ಕೇಳಿದಳು. ಆಮೇಲೆ ಮೆಲ್ಲಗೆ, ‘ಮೊದಲನೇ ವಾರ ನನಗೆ ಒಬ್ಬರೂ ಪರಿಚಯ ಇರಲಿಲ್ಲ. ಊಟದ ಹೊತ್ತಲ್ಲಿ ಸುಮ್ನೆ ಫೋನ್ ನೋಡ್ತಾ ಕೂತಿರ್ತಿದ್ದೆ. ಮೂರನೇ ವಾರ ಲ್ಯಾಬಲ್ಲಿ ಒಬ್ಬಳು ಸಿಕ್ಕಿದಳು, ಆಮೇಲೆ ಸರಿಹೋಯ್ತು’ ಅಂದಳು.

ಹುಡುಗ ತಲೆ ಎತ್ತಿದ. ‘ಮೂರು ವಾರ ಆಯ್ತಾ?’ ಅಂದ. ಅಲ್ಲಿಯವರೆಗೆ ಅವನ ಬಾಯಿಂದ ಬಂದ ಮೊದಲ ಪೂರ್ತಿ ಮಾತು ಅದು.

ನನಗೆ ಒಂದು ಅಧ್ಯಯನ ನೆನಪಾಯಿತು. ಮನಶ್ಶಾಸ್ತ್ರಜ್ಞರಾದ ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೋಹೆನ್ ಅಮೆರಿಕದಲ್ಲಿ ನಡೆಸಿದ್ದು, 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದಿತ್ತು. ‘ನಾನು ಇಲ್ಲಿಗೆ ಸೇರಿದವನಲ್ಲ ಅಂತ ನಮಗೂ ಅನಿಸಿತ್ತು, ದಿನ ಕಳೆದ ಹಾಗೆ ಅದು ಹೋಯಿತು’ ಅನ್ನುವ ಸೀನಿಯರ್‌ಗಳ ಅನುಭವವನ್ನು ಮೊದಲ ವರ್ಷದವರಿಗೆ ಓದಲು ಕೊಟ್ಟಿದ್ದರು. ಅದನ್ನು ತಮ್ಮ ಮಾತಿನಲ್ಲಿ ಬರೆಯಲೂ ಹೇಳಿದ್ದರು. ಎಲ್ಲ ಸೇರಿ ಸುಮಾರು ಒಂದು ಗಂಟೆಯ ಕೆಲಸ. ಮುಂದಿನ ಮೂರು ವರ್ಷ ಅಲ್ಲಿನ ಕಪ್ಪು ವಿದ್ಯಾರ್ಥಿಗಳ ಅಂಕಗಳು ಮೇಲೇರಿದವು. ಈ ಹುಡುಗಿ ಅದನ್ನೆಲ್ಲ ಓದಿರಲಿಲ್ಲ. ತನಗಾದದ್ದನ್ನು ಹೇಳಿದ್ದಳು, ಅಷ್ಟೇ.

ಅವರು ಹೋದ ಮೇಲೆ ನಾನು ಕಂಡದ್ದನ್ನು ಕಂಡ ಹಾಗೆ ಅವಳಿಗೆ ಹೇಳಿದೆ. ಬಾಣದ ಗುರುತು, ಕೇಳುವ ರೀತಿ, ಆ ಹುಡುಗ ತಲೆ ಎತ್ತಿದ್ದು. ‘ನೀವು ಅದನ್ನೆಲ್ಲ ನೋಡಿದ್ರಾ?’ ಅಂದಳು. ಮನೆಗೆ ಹೋಗುವ ಮಾತು ಮತ್ತೆ ಎತ್ತಲಿಲ್ಲ. ಆದರೂ ಅವಳನ್ನು ಹತ್ತು ನಿಮಿಷ ನೆರಳಲ್ಲಿ ಕೂರಿಸಿ, ನೀರು ಕೊಟ್ಟು, ಆ ಜಾಗಕ್ಕೆ ಇನ್ನೊಬ್ಬರನ್ನೂ ಹಾಕಿದೆ. ಮೂಲೆಯ ಜಾಗದಲ್ಲಿ ಒಬ್ಬರನ್ನೇ ಐದಾರು ಗಂಟೆ ನಿಲ್ಲಿಸಿದ್ದು ನನ್ನ ತಪ್ಪು.

ಆಮೇಲೆ ಡ್ಯೂಟಿ ಪಟ್ಟಿಯ ಹಾಳೆಗಳನ್ನು ತಿರುಗಿಸಿ ಸಣ್ಣ ಚೀಟಿಗಳಾಗಿ ಹರಿದೆ. ಒಬ್ಬೊಬ್ಬರಿಗೂ ಒಂದೊಂದು. ಅವರು ಮಾಡಿದ್ದರಲ್ಲಿ ನಾನು ಕಣ್ಣಾರೆ ಕಂಡ ಒಂದು ಸಂಗತಿ ಮಾತ್ರ ಬರೆಯಬೇಕು ಅಂತ ಇಟ್ಟುಕೊಂಡೆ. ಸರ್ಟಿಫಿಕೇಟ್ ಬೇಡ ಅನ್ನಲ್ಲ, ಅದೂ ಬೇಕು. ಆದರೆ ಅದರಲ್ಲಿ ಹೆಸರೊಂದು ಬಿಟ್ಟರೆ 40 ಜನರಿಗೂ ಒಂದೇ ಮಾತು. ಎಷ್ಟೋ ಹೆಸರುಗಳ ಮುಂದೆ ಪೆನ್ನು ನಿಂತುಬಿಟ್ಟಿತು. ಅವರನ್ನು ನಾನು ನೋಡಿಯೇ ಇರಲಿಲ್ಲ. ಮತ್ತೆ ಎದ್ದು ಹೋಗಿ ಅವರ ಪಕ್ಕ ನಿಂತೆ. ಸಂಜೆಗೆ 23 ಚೀಟಿಗಳಾದವು. ಉಳಿದದ್ದನ್ನು ಮರುದಿನಕ್ಕೆ ಇಟ್ಟುಕೊಂಡೆ.

ಮರುದಿನ ಬೆಳಗ್ಗೆ ಆ ಹುಡುಗಿ ಎಲ್ಲರಿಗಿಂತ ಮೊದಲೇ ಬಂದಿದ್ದಳು. ಅವಳ ಚೀಟಿ ಟ್ಯಾಗಿನ ಹಿಂದೆ, ಪ್ಲಾಸ್ಟಿಕ್ ಒಳಗೆ ಕಾಣುತ್ತಿತ್ತು.

‘ಮೇಡಂ, ಸೀಮೆಸುಣ್ಣ ಇನ್ನೊಂದು ಡಬ್ಬಿ ಸಿಗುತ್ತಾ? ಸೂಟ್‌ಕೇಸ್ ಚಕ್ರ ಉಜ್ಜಿ ಉಜ್ಜಿ ನಿನ್ನೆಯದೆಲ್ಲ ಅಳಿಸಿಹೋಗಿದೆ.’