29 ಪಟ್‌ಗಳ ಆ ಶನಿವಾರ

ಡಿಸೆಂಬರ್‌ನ ಒಂದು ಶನಿವಾರ ಗಾಲ್ಫ್ ಆಡುತ್ತಾ ಹದಿನೆಂಟು ಹೋಲ್‌ಗಳನ್ನು 29 ಪಟ್‌ಗಳಲ್ಲಿ ಮುಗಿಸಿದೆ. ಪಟ್ ಅಂದರೆ ಗ್ರೀನ್ ಮೇಲೆ, ಅಂದರೆ ಕಪ್ ಎಂಬ ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೆ, ಚೆಂಡನ್ನು ಕುಳಿಯತ್ತ ಉರುಳಿಸುವ ಏಟು. ಸ್ಕೋರ್‌ಕಾರ್ಡ್ ನೋಡಿದ ನಮ್ಮ ಭಾವ, "ಏನಮ್ಮಾ, ಇಪ್ಪತ್ತೊಂಬತ್ತೇ! ಟಿವಿಯಲ್ಲಿ ಬರೋರ ಲೆಕ್ಕ ಇದು" ಅಂದರು. ಅವರು ಹೇಳಿದ್ದು ಸುಳ್ಳಲ್ಲ, ಅಮೆರಿಕದ ವೃತ್ತಿಪರ ಗಾಲ್ಫ್ ಸರಣಿಯಾದ ಪಿಜಿಎ ಟೂರ್ ಆಟಗಾರರ ಸರಾಸರಿಯೂ ಒಂದು ಸುತ್ತಿಗೆ ಸುಮಾರು 29 ಪಟ್. ಮಲ್ಲೇಶ್ವರದ ಮನೆ ಸೇರುವವರೆಗೂ ಆ ಖುಷಿ ಜೊತೆಗಿತ್ತು.

ಲೆಕ್ಕಪತ್ರ ನೋಡುವುದೇ ನನ್ನ ಕಸುಬು. ಮೊತ್ತವೊಂದನ್ನೇ ನೋಡಿ ಸಹಿ ಹಾಕುವ ಅಭ್ಯಾಸ ನನಗಿಲ್ಲ. ಸಂಜೆ ಕಾಫಿ ಕುಡಿಯುತ್ತಾ ಪ್ರತಿ ಹೋಲ್‌ನಲ್ಲೂ ಮೊದಲ ಪಟ್ ಎಷ್ಟು ದೂರದಿಂದ ಹೊಡೆದೆ ಅಂತ ನೆನಪು ಮಾಡಿಕೊಂಡು ಬರೆಯುತ್ತಾ ಹೋದೆ. ಆಗ ಗೊತ್ತಾಯಿತು: ಅವತ್ತು ನನ್ನ ಚೆಂಡು ನೇರವಾಗಿ ಗ್ರೀನ್ ಸೇರಿದ್ದು ಮೂರೇ ಮೂರು ಸಲ. ಉಳಿದ ಕಡೆಯೆಲ್ಲ ಅಂಚಿನಿಂದ ಚಿಪ್ ಮಾಡಿ, ಅಂದರೆ ಚೆಂಡನ್ನು ಮೆಲ್ಲಗೆ ಎತ್ತಿ ಹೊಡೆದು, ಕಪ್ ಹತ್ತಿರ ತಂದಿದ್ದೆ. ನಾಲ್ಕು ಅಡಿ, ಆರು ಅಡಿ, ಐದು ಅಡಿ. ಅಷ್ಟು ಹತ್ತಿರದಿಂದ ಶುರು ಮಾಡಿದವಳಿಗೆ 29 ಕಡಿಮೆಯಲ್ಲ, ಜಾಸ್ತಿ.

ಪಟ್‌ಗಳನ್ನು ಬರೀ ಎಣಿಸುವುದರಲ್ಲಿರುವ ದೋಷ ಇದು. ನಲವತ್ತು ಅಡಿಯಿಂದ ಹೊಡೆದದ್ದೂ ಒಂದೇ, ನಾಲ್ಕು ಇಂಚಿನಿಂದ ತಳ್ಳಿದ್ದೂ ಒಂದೇ. ಇದನ್ನು ಸರಿಪಡಿಸಿದವರು ಕೊಲಂಬಿಯಾ ವಿಶ್ವವಿದ್ಯಾಲಯದ ಬಿಸಿನೆಸ್ ಸ್ಕೂಲ್‌ನ ಮಾರ್ಕ್ ಬ್ರೋಡಿ. ಟೂರ್‌ನವರು ಹೊಡೆದ ಲಕ್ಷಾಂತರ ಪಟ್‌ಗಳ ದೂರ ಅಳತೆಯಾಗಿ ದಾಖಲಾಗಿತ್ತು. ಅದನ್ನಿಟ್ಟುಕೊಂಡು ಯಾವ ದೂರದಿಂದ ಚೆಂಡು ಕಪ್‌ಗೆ ಬೀಳಲು ಸರಾಸರಿ ಎಷ್ಟು ಪಟ್ ಬೇಕು ಅಂತ ಅವರು ಲೆಕ್ಕ ತೆಗೆದರು. 2011ರಿಂದ ಪಿಜಿಎ ಟೂರ್ ಅದೇ ಅಳತೆಯನ್ನು 'ಸ್ಟ್ರೋಕ್ಸ್ ಗೇನ್ಡ್' ಎಂಬ ಹೆಸರಿನಲ್ಲಿ ಬಳಸುತ್ತಿದೆ. ವಿಷಯ ಸರಳ. ಎಂಟು ಅಡಿಯಿಂದ ಸರಾಸರಿ 1.50 ಪಟ್ ಬೇಕು. ಒಂದೇ ಪಟ್‌ಗೆ ಹಾಕಿದರೆ ಅರ್ಧ ಏಟು ಲಾಭ, ಎರಡಾದರೆ ಅರ್ಧ ನಷ್ಟ. ಮೂರು ಅಡಿಯ ಸರಾಸರಿ 1.04. ಅಲ್ಲಿಂದ ಹಾಕಿದರೆ ಸಿಗುವುದು ಚಿಲ್ಲರೆ, ತಪ್ಪಿದರೆ ಹೆಚ್ಚುಕಡಿಮೆ ಒಂದು ಏಟು ಪೂರ್ತಿ ಹೋಯಿತು.

ಎಂಟು ಅಡಿಯ ಆ ಅಂಕಿಯನ್ನು ಇನ್ನೊಮ್ಮೆ ನೋಡಿ. ಪ್ರಪಂಚದ ಅತ್ಯುತ್ತಮ ಆಟಗಾರರೂ ಎಂಟು ಅಡಿಯಿಂದ ಎರಡರಲ್ಲಿ ಒಂದನ್ನು ತಪ್ಪಿಸುತ್ತಾರೆ! ಐದು ಅಡಿಯಿಂದ ಹಾಕುವುದು 77%, ಹತ್ತು ಅಡಿಯಿಂದ 40%, ಇಪ್ಪತ್ತು ಅಡಿಯಿಂದ 15%. ಇದನ್ನು ಮೊದಲ ಸಲ ಓದಿದಾಗ ನನಗೆ ನಂಬಿಕೆ ಬರಲಿಲ್ಲ. ಭಾನುವಾರ ರಾತ್ರಿ ಟಿವಿಯಲ್ಲಿ ನೋಡುವಾಗ ಎಲ್ಲ ಪಟ್‌ಗಳೂ ಬೀಳುವಂತೆ ಕಾಣುತ್ತವೆ. ಕ್ಯಾಮೆರಾ ಇರುವುದು ಆ ವಾರ ಮುನ್ನಡೆಯಲ್ಲಿರುವವರ ಹಿಂದೆ, ಅಂದರೆ ಪಟ್ ಬೀಳುತ್ತಿರುವವರ ಹಿಂದೆ. ಉಳಿದವರು ಎಂಟು ಅಡಿಯಿಂದ ತಪ್ಪಿಸಿ ತಲೆ ತಗ್ಗಿಸಿ ನಡೆಯುವುದನ್ನು ನಾವು ನೋಡುವುದೇ ಇಲ್ಲ. ಹತ್ತು ಅಡಿಯ ಪಟ್ ತಪ್ಪಿತು ಅಂತ ವರ್ಷಗಟ್ಟಲೆ ನನ್ನ ಮೇಲೆ ನಾನೇ ಸಿಟ್ಟು ಮಾಡಿಕೊಂಡಿದ್ದೇನೆ. ಆ ಸಿಟ್ಟಿನಲ್ಲೇ ಮುಂದಿನ ಹೋಲ್‌ನ ಮೊದಲ ಏಟಾದ ಟೀ ಶಾಟ್ ಕೂಡ ಕೆಡುತ್ತಿತ್ತು.

ಈ ಅಂಕಿಗಳ ಜೊತೆಗೇ ನನಗೆ ನೆನಪಾಗುವುದು 2021ರ ಆಗಸ್ಟ್ 7, ಅದೂ ಶನಿವಾರ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಮ್ಮೂರ ಅದಿತಿ ಅಶೋಕ್ ಪದಕಕ್ಕಾಗಿ ಆಡುತ್ತಿದ್ದ ಬೆಳಗ್ಗೆ. ಅದುವರೆಗೂ ಗಾಲ್ಫ್ ನೋಡದವರೆಲ್ಲ ಅವತ್ತು ಟಿವಿ ಮುಂದೆ ಕೂತಿದ್ದರು, ನಮ್ಮ ಅತ್ತೆಯೂ ಸೇರಿ. ಅದಿತಿಯ ಬ್ಯಾಗ್ ಹೊತ್ತು ಜೊತೆಗೆ ನಡೆಯುತ್ತಿದ್ದ ಕ್ಯಾಡಿ ಅವರ ತಾಯಿಯೇ. ಡ್ರೈವ್‌ನಲ್ಲಿ, ಅಂದರೆ ಶುರುವಿನ ದೂರದ ಏಟಿನಲ್ಲಿ, ಅದಿತಿಗಿಂತ ಎಷ್ಟೋ ದೂರ ಹೊಡೆಯುವವರು ಸುತ್ತಮುತ್ತ ಇದ್ದರು. ಆದರೆ ಪಟಿಂಗ್‌ನ ಸ್ಟ್ರೋಕ್ಸ್ ಗೇನ್ಡ್ ಲೆಕ್ಕದಲ್ಲಿ ಅಲ್ಲಿದ್ದ ಎಲ್ಲರಿಗಿಂತ ಮುಂದಿದ್ದವರು ಅವರೇ. ಕೊನೆಯ ಹೋಲ್‌ನಲ್ಲಿ ದೂರದ ಬರ್ಡಿ ಪಟ್ (ನಿಗದಿಗಿಂತ ಒಂದು ಏಟು ಕಡಿಮೆಯಲ್ಲಿ ಮುಗಿಸುವುದೇ ಬರ್ಡಿ) ಬೀಳಲಿಲ್ಲ, ಒಂದೇ ಏಟಿನಿಂದ ಪದಕ ತಪ್ಪಿ ನಾಲ್ಕನೇ ಸ್ಥಾನ. "ಅಯ್ಯೋ, ತಪ್ಪಿಸಿಬಿಟ್ಟಳಲ್ಲ ಮಗು" ಅಂದರು ಅತ್ತೆ. ಅಷ್ಟು ದೂರದ ಪಟ್‌ಗಳು ಬೀಳದಿರುವುದೇ ಹೆಚ್ಚು ಅಂತ ಆಗ ನನಗೆ ಗೊತ್ತಿದ್ದಿದ್ದರೆ ಅತ್ತೆಗೆ ಹೇಳುತ್ತಿದ್ದೆ. ಆ ನಾಲ್ಕು ದಿನ ಅದಿತಿ ಅಷ್ಟು ಮೇಲೆ ನಿಂತಿದ್ದದ್ದೇ ಪಟರ್‌ನ, ಅಂದರೆ ಪಟ್ ಹೊಡೆಯುವ ಕೋಲಿನ, ಬಲದಿಂದ.

ಬ್ರೋಡಿಯವರ ಲೆಕ್ಕ ಇನ್ನೊಂದು ಮಾತನ್ನೂ ಹೇಳುತ್ತದೆ, ಅದನ್ನು ಮುಚ್ಚಿಡಬಾರದು: ಟೂರ್‌ನ ಅತ್ಯುತ್ತಮರು ಉಳಿದವರಿಗಿಂತ ಗಳಿಸುವ ಏಟುಗಳಲ್ಲಿ ಪಟಿಂಗ್‌ನ ಪಾಲು ಸುಮಾರು 15% ಮಾತ್ರ. ಹೆಚ್ಚಿನದು ಗ್ರೀನ್ ಮುಟ್ಟುವ ಮೊದಲೇ ನಿರ್ಧಾರವಾಗಿರುತ್ತದೆ. ಆದರೂ ನನ್ನ ವಯಸ್ಸಿನವರಿಗೆ ಡ್ರೈವ್‌ನಲ್ಲಿ ಮೂವತ್ತು ಗಜ ಸೇರಿಸುವುದಕ್ಕಿಂತ ಪಟಿಂಗ್ ತಿದ್ದಿಕೊಳ್ಳುವುದೇ ಕೈಗೆಟಕುವ ಕೆಲಸ ಅಂತ ನನ್ನ ಅಭಿಪ್ರಾಯ.

ತಿದ್ದಬೇಕಾದದ್ದು ಏನನ್ನು ಅಂತ ನೋಟ್‌ಬುಕ್ಕೇ ತೋರಿಸಿತು. ಈಗ ಗ್ರೀನ್ ಮೇಲೆ ಹೆಜ್ಜೆಯಲ್ಲಿ ದೂರ ಅಳೆಯುತ್ತೇನೆ. ಮನೆಯ ವರಾಂಡದಲ್ಲಿ ಟೇಪ್ ಹಿಡಿದು ನೋಡಿಕೊಂಡಿದ್ದೇನೆ, ನನ್ನ ಒಂದು ಹೆಜ್ಜೆ ಎರಡೂವರೆ ಅಡಿ. ಎರಡು ತಿಂಗಳು ಹೀಗೆ ಬರೆದಿಟ್ಟ ಮೇಲೆ ಕಂಡದ್ದಿಷ್ಟು: ಹತ್ತು, ಹದಿನೈದು ಅಡಿಗಳಲ್ಲಿ ನಾನು ಕಳೆದುಕೊಳ್ಳುವುದು ಅಲ್ಪ. ಹೋಗುತ್ತಿರುವುದೆಲ್ಲ ಎರಡು ತುದಿಗಳಲ್ಲಿ. ನಾಲ್ಕೈದು ಅಡಿಯವು ಪಕ್ಕಕ್ಕೆ ಜಾರುತ್ತವೆ, ಮೂವತ್ತು ದಾಟಿದರೆ ಮೂರು ಪಟ್ ಆಗುತ್ತದೆ. ನಾನು ಅಭ್ಯಾಸ ಮಾಡುತ್ತಿದ್ದದ್ದು ಮಾತ್ರ ಯಾವಾಗಲೂ ಹತ್ತು ಅಡಿಯಿಂದ.

ಹತ್ತಿರದ ಪಟ್‌ಗೆ ಎಸ್.ಪಿ. ರೋಡಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಮೀಟರ್ ಉದ್ದದ ಸ್ಟೀಲ್ ಸ್ಕೇಲ್ ತಂದೆ. ಚೆಂಡನ್ನು ಒಂದು ತುದಿಯಲ್ಲಿಟ್ಟು, ಇನ್ನೊಂದು ತುದಿಯವರೆಗೂ ಅದರ ಮೇಲೇ ಉರುಳಿಸಬೇಕು. ಪಟರ್‌ನ ಮುಖ ಒಂದಿಷ್ಟು ತಿರುಗಿದ್ದರೂ ಚೆಂಡು ಅರ್ಧದಾರಿಯಲ್ಲೇ ಟಕ್ ಅಂತ ಕೆಳಗೆ ಬೀಳುತ್ತದೆ. ಕಪ್‌ನ ಅಗಲ 4.25 ಇಂಚು, ನಡುವಿನಿಂದ ಅಂಚಿಗೆ ಎರಡು ಇಂಚಿನ ಮೇಲೆ ಚೂರು. ಚೆಂಡು ಒಂದೇ ಒಂದು ಡಿಗ್ರಿ ಓರೆಯಾಗಿ ಹೊರಟರೂ ಹತ್ತು ಅಡಿಯಲ್ಲಿ ಎರಡು ಇಂಚು ಸರಿದಿರುತ್ತದೆ, ಕಪ್‌ನ ತುಟಿಯ ಮೇಲೆ. ಸ್ವಲ್ಪ ಜೋರಾಗಿದ್ದರೆ ಅದನ್ನು ಕಪ್ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ದೂರದ ಪಟ್ ಕಲಿಸಿದವರು ನಮ್ಮ ಕ್ಯಾಡಿ ಅಣ್ಣ. ಮೂವತ್ತು ವರ್ಷದಿಂದ ಬ್ಯಾಗ್ ಹೊರುತ್ತಿರುವವರು. "ಮೇಡಂ, ನೀವು ಲೈನ್ ನೋಡ್ತಾ ನಿಲ್ತೀರಿ, ಸ್ಪೀಡ್ ಮರೀತೀರಿ. ದೂರದಲ್ಲಿ ಲೈನು ಅಡಿ ತಪ್ಪುತ್ತೆ, ಸ್ಪೀಡು ಗಜ ತಪ್ಪುತ್ತೆ" ಅಂದರು. ಬರ್ಮುಡಾ ಹುಲ್ಲಿನ ವಾಲು ನೋಡುವುದನ್ನೂ ತೋರಿಸಿದರು. ನಿಂತಲ್ಲಿಂದ ಕಪ್‌ನ ಕಡೆಗೆ ಹುಲ್ಲು ಹೊಳೆಯುತ್ತಿದ್ದರೆ ಚೆಂಡು ಓಡುತ್ತದೆ, ಕಪ್ಪಗೆ ಕಂಡರೆ ತಡೆಯುತ್ತದೆ.

ಅವರು ನನ್ನನ್ನು ಬೆಳಗ್ಗೆ ಆರೂಕಾಲಿಗೇ ಬರಹೇಳಿದ್ದರು. ಪ್ರಾಕ್ಟೀಸ್ ಗ್ರೀನ್ ಮೇಲೆ ಇಬ್ಬನಿ ಬೆಳ್ಳಗೆ ಹಾಸಿತ್ತು. ಮೊದಲ ಚೆಂಡು ಹೋದ ದಾರಿಯಲ್ಲಿ ಇಬ್ಬನಿ ಒರೆಸಿ ಹಸಿರು ಗೆರೆ ಮೂಡಿತು, ಸ್ಲೇಟಿನ ಮೇಲೆ ಬೆರಳಾಡಿಸಿದ ಹಾಗೆ. ಮುಕ್ಕಾಲು ದಾರಿ ನೆಟ್ಟಗಿದ್ದ ಗೆರೆ, ವೇಗ ಕುಂದಿದ ಕೊನೆಯ ಐದಾರು ಅಡಿಯಲ್ಲಿ ಎಡಕ್ಕೆ ಬಾಗಿ ನಿಂತಿತ್ತು. ಚೆಂಡು ನಿಧಾನವಾದಾಗಲೇ ಇಳಿಜಾರು ಅದನ್ನು ಎಳೆಯುವುದು ಅಂತ ಎಷ್ಟು ಸಲ ಓದಿದ್ದರೂ, ಕಣ್ಣಿಗೆ ಕಂಡದ್ದು ಆ ಗೆರೆಯಲ್ಲಿ. ಅಣ್ಣ ಟೀ ಪೆಗ್ ಒಂದನ್ನು ಗೆರೆ ಬಾಗಿದ ಜಾಗದಲ್ಲಿ ಚುಚ್ಚಿ, "ಈಗ ಕಪ್ ಬಿಟ್ಬಿಡಿ, ಇಲ್ಲಿಗೆ ಕಳಿಸಿ" ಅಂದರು. ಬಿಸಿಲು ಬಂದು ಗೆರೆಗಳೆಲ್ಲ ಆರುವವರೆಗೂ ಇಪ್ಪತ್ತು, ಮೂವತ್ತು, ನಲವತ್ತು ಅಡಿಯಿಂದ ಹೊಡೆಯುತ್ತಲೇ ಇದ್ದೆ.

ಹೋದ ಭಾನುವಾರ ಏಳನೇ ಹೋಲ್‌ನಲ್ಲಿ ಹದಿನಾರು ಹೆಜ್ಜೆ ದೂರವಿತ್ತು. ಮೊದಲ ಪಟ್ ಕಪ್‌ಗೆ ಒಂದು ಅಡಿ ಉಳಿದಾಗ ನಿಂತಿತು, ಎರಡನೆಯದಕ್ಕೆ ಹಾಕಿದೆ. ನಲವತ್ತು ಅಡಿಗೆ ಟೂರ್‌ನ ಸರಾಸರಿ 2.06. ರಾತ್ರಿ ಆ ಸಾಲಿನ ಎದುರಿಗೆ ಹಸಿರು ಪೆನ್ನಿನಲ್ಲಿ +0.06 ಅಂತ ಬರೆದುಕೊಂಡೆ.