ಪೈಪಿನೊಳಗಿನ ಗುಳ್ಳೆ

ಮೊನ್ನೆ ಮಗಳ ಸೈಕಲ್‌ಗೆ ಗಾಳಿ ಹೊಡೆಯುತ್ತಿದ್ದೆ. ಅವಳು ಪಂಪಿನ ಬುಡ ಮುಟ್ಟಿ ನೋಡಿ, 'ಅಪ್ಪಾ, ಸುಡ್ತಾ ಇದೆ' ಅಂದಳು. ಗಾಳಿಯನ್ನು ಜೋರಾಗಿ ಒತ್ತಿದರೆ ಬಿಸಿಯಾಗುತ್ತದೆ, ಅಷ್ಟೇ. ರಾಕೆಟ್ಟಿನ ದ್ರವ ಇಂಧನದ ಜೊತೆ ಕೆಲಸ ಮಾಡುವವರಿಗೆ ಮಾತ್ರ ಇದು ಅಷ್ಟೇ ಅಲ್ಲ.

ಹೈಡ್ರಜೀನ್, ಪ್ರೊಪೈಲ್ ನೈಟ್ರೇಟ್, ನೈಟ್ರೋಮೀಥೇನ್ ಇವೆಲ್ಲ ಗಾಳಿಯ ಹಂಗಿಲ್ಲದೆ ತಾವೇ ಒಡೆದು ಶಾಖ ಬಿಡುವ ದ್ರವಗಳು. ಪೈಪಿನ ಮೂಲೆಯಲ್ಲಿ ಒಂದು ಗುಳ್ಳೆ ಉಳಿದಿದೆ ಅಂದುಕೊಳ್ಳಿ. ವಾಲ್ವ್ ಫಟ್ಟನೆ ತೆರೆದರೆ ದ್ರವ ನುಗ್ಗಿ ಬಂದು ಗುಳ್ಳೆಯನ್ನು ಹಿಂಡುತ್ತದೆ, ಶಾಖಕ್ಕೆ ಹೊರಗೆ ಹೋಗಲು ಪುರುಸೊತ್ತೇ ಸಿಗುವುದಿಲ್ಲ, ಗುಳ್ಳೆ ಕಾದು ಪಕ್ಕದ ದ್ರವಕ್ಕೆ ಕಿಡಿ ಹಚ್ಚುತ್ತದೆ. ಉಪಗ್ರಹದ ಹೈಡ್ರಜೀನ್ ಪೈಪುಗಳನ್ನು ತುಂಬಿಸುವಾಗ ಎಂಜಿನಿಯರುಗಳು ಲೆಕ್ಕ ಹಾಕುವುದು ಇದನ್ನೇ.

ಇದಕ್ಕೊಂದು ಪರೀಕ್ಷೆ ಇದೆ, ನನಗೆ ತುಂಬಾ ಇಷ್ಟವಾದದ್ದು. ಉಕ್ಕಿನ ಪುಟ್ಟ ಗುಳಿ, ಅದರಲ್ಲಿ 0.06 ಮಿಲಿಲೀಟರ್ ಜಾಗ. ದ್ರವ ಹಾಕುವುದು 0.03 ಮಾತ್ರ, ಒಂದು ಹನಿಗಿಂತ ಕಡಿಮೆ! ಉಳಿದರ್ಧ ಬೇಕೆಂದೇ ಬಿಟ್ಟ ಗಾಳಿ. ಮೇಲೆ ತೆಳು ಉಕ್ಕಿನ ಹಾಳೆ, ಪಿಸ್ಟನ್, ಅದರ ಮೇಲೆ ತೂಕ ಬೀಳಿಸುತ್ತಾರೆ. ಢಂ ಅಂದು ಹಾಳೆ ತೂತಾದರೆ ದ್ರವ ಸಿಡಿದಿದೆ ಅಂತ. ಎಷ್ಟು ಎತ್ತರದಿಂದ ಬಿಟ್ಟರೆ ಅರ್ಧದಷ್ಟು ಸಲ ಸಿಡಿಯುತ್ತದೆ ಅನ್ನುವುದೇ ಅಳತೆ.

ಇನ್ನೊಂದು, ಆಘಾತದ ಪರೀಕ್ಷೆ. ಕೊಳವೆಯಲ್ಲಿ ದ್ರವ, ಒಂದು ತುದಿಗೆ ಸಿಡಿಮದ್ದು, ಎರಡರ ನಡುವೆ ಪ್ಲಾಸ್ಟಿಕ್ ಕಾರ್ಡುಗಳ ಅಡ್ಡಿ, ಇನ್ನೊಂದು ತುದಿಗೆ ಉಕ್ಕಿನ ಹಲಗೆ. ಮದ್ದು ಸಿಡಿಸಿದಾಗ ಹಲಗೆಯಲ್ಲಿ ತೂತು ಬಿದ್ದರೆ ದ್ರವವೂ ಸ್ಫೋಟಿಸಿದೆ ಅಂತ. ಎಷ್ಟು ಜಾಸ್ತಿ ಕಾರ್ಡು ಇಟ್ಟರೂ ತೂತು ಬೀಳುತ್ತದೋ ಆ ದ್ರವ ಅಷ್ಟು ಸೂಕ್ಷ್ಮ.

ಎರಡೂ ಒಂದೇ ತಾನೇ ಅನ್ನಿಸುತ್ತದೆ, ಅಲ್ವಾ? ಅಲ್ಲ. ಪ್ರೊಪೈಲ್ ನೈಟ್ರೇಟ್ ಕಾರ್ಡುಗಳ ಮುಂದೆ ಸಾಧುವಿನ ಹಾಗಿರುತ್ತದೆ, ಗುಳ್ಳೆ ಹಿಂಡಿದರೆ ಮಾತ್ರ ಭಯಂಕರ. ಒಂದೇ ಪರೀಕ್ಷೆ ಮಾಡಿ 'ಸುರಕ್ಷಿತ' ಅಂತ ಚೀಟಿ ಅಂಟಿಸುವುದು ನನ್ನ ಪ್ರಕಾರ ದೊಡ್ಡ ತಪ್ಪು.

ಇಂಥ ದ್ರವವನ್ನು ಸಾಧು ಅಂದುಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಉದಾಹರಣೆಯೂ ಇದೆ. 1958ರಲ್ಲಿ ಅಮೆರಿಕದ ನಯಾಗರಾ ಫಾಲ್ಸ್ ಮತ್ತು ಮೌಂಟ್ ಪುಲಾಸ್ಕಿಯಲ್ಲಿ ನೈಟ್ರೋಮೀಥೇನ್ ತುಂಬಿದ ರೈಲು ಟ್ಯಾಂಕರ್‌ಗಳು ಸ್ಫೋಟಿಸಿದವು. ಅದುವರೆಗೆ ಅದನ್ನು ಮಾಮೂಲಿ ದ್ರಾವಕದ ಹಾಗೆ ಸಾಗಿಸುತ್ತಿದ್ದರು. ಆಮೇಲೆ ಟ್ಯಾಂಕರ್ ಬಿಟ್ಟು 55 ಗ್ಯಾಲನ್‌ನ ಡ್ರಮ್ಮುಗಳಿಗೆ ಬಂದರು.